ಫೋನಿಲ್ಲದವರ ಕಾಲಂ

ಆ ಇಬ್ಬರು ಹೆಂಗಸರ ಹೆಸರು ಒಂದೇ ಆಗಿತ್ತು. ಆ ಊರಿನ ಗ್ರಾಮದೇವತೆ ಅಮ್ಮನ ಹೆಸರು ಅದು. ಬೀದಿಗೆ ಇಬ್ಬರಾದರೂ ಆ ಹೆಸರಿನವರು ಸಿಗುತ್ತಾರೆ. ಅವರ ಗಂಡಂದಿರ ಹೆಸರೂ ಒಂದೇ. ಇಬ್ಬರೂ ಆ ವರ್ಷ ಚೊಚ್ಚಲ ಬಸುರಿಯರು. ಒಬ್ಬಳು ಊರ ಮುಂದೆಯೇ ದಿನಸಿ ಅಂಗಡಿ ಇಟ್ಟವರ ಸೊಸೆ. ಇನ್ನೊಬ್ಬಳು ಬಿಕ್ಕೋಡಿನ ಆಚೆ ಕಾಫಿ ಎಸ್ಟೇಟಿನಲ್ಲಿ ಗಂಡನ ಜೊತೆ ಕೂಲಿಗಿದ್ದು, ಹೆರಿಗೆಗೆಂದು ತವರಿಗೆ ಬಂದವಳು. ಊರವರು ಒಬ್ಬಳನ್ನು ಅಂಗಡಿಯವಳು, ಇನ್ನೊಬ್ಬಳನ್ನು ಎಸ್ಟೇಟಿನವಳು ಎನ್ನುತ್ತಿದ್ದರು. ಯಾರಿಗೂ ಗೊಂದಲವಿರಲಿಲ್ಲ. ನನಗೂ ಇರಲಿಲ್ಲ.

ಹಳೇಬೀಡಿಗೂ ಹಗರೆಗೂ ನಡುವೆ ಇರುವ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸ್. ಹೊಲಿಗೆ ಬಿಟ್ಟ ಉದ್ದನೆಯ ರಿಜಿಸ್ಟರಿನಲ್ಲಿ ಬಸುರಿಯರ ಹೆಸರು ಬರೆದುಕೊಳ್ಳುತ್ತಾ ನನಗೆ ಇಪ್ಪತ್ತು ವರ್ಷ ದಾಟಿದೆ. ಆಮೇಲೆ ಟ್ಯಾಬ್ ಬಂತು. ರಿಜಿಸ್ಟರ್ ಹೋಗಲಿಲ್ಲ, ಟ್ಯಾಬ್ ಸೇರಿಕೊಂಡಿತು. ಅಂದರೆ ಒಂದೇ ಹೆಸರನ್ನು ಎರಡು ಸಲ ಬರೆಯುವ ಕೆಲಸ.

ಟ್ಯಾಬಿನಲ್ಲಿ ಒಬ್ಬ ಬಸುರಿಯ ಹೆಸರು ಸೇರಿಸಬೇಕಾದರೆ ಹುಟ್ಟಿದ ದಿನಾಂಕ ಹಾಕಬೇಕು, ಫೋನ್ ನಂಬರ್ ಹಾಕಬೇಕು. ಹಾಕದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಎಸ್ಟೇಟಿನವಳ ಹತ್ತಿರ ಫೋನ್ ಇರಲಿಲ್ಲ. ಮನೆಗಿದ್ದ ಒಂದು ಫೋನು ಗಂಡನ ಜೇಬಿನಲ್ಲಿ, ಎಸ್ಟೇಟಿನಲ್ಲಿ. ಅಂಗಡಿಯವಳ ಹತ್ತಿರ ಫೋನ್ ಇತ್ತು, ಆದರೆ ಅವಳ ಅತ್ತೆ ಬಿಡಲಿಲ್ಲ.

"ಹೆಣ್ಮಕ್ಳ ನಂಬರ್ ಎಲ್ಲೆಲ್ಲಿಗೋ ಹೋಯ್ತದೆ ಕಣ್ ನರ್ಸಮ್ಮ. ಯಾರ್‍ಯಾರೋ ಫೋನ್ ಮಾಡ್ತಾರೆ. ಬ್ಯಾಡ," ಎಂದರು.

ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಇಬ್ಬರಿಗೂ ನಮ್ಮ ಆಶಾ ಕಾರ್ಯಕರ್ತೆಯ ನಂಬರ್ ಹಾಕಿದೆ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸಿಕೊಂಡು ಬರುವವಳು ಅವಳೇ, ಆದ್ದರಿಂದ ಸುದ್ದಿ ತಲುಪುತ್ತದೆ ಎಂದುಕೊಂಡೆ. ಹುಟ್ಟಿದ ದಿನ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗಿನ ವರ್ಷದಿಂದ ವಯಸ್ಸು ಕಳೆದು, ಜನವರಿ ಒಂದು ಎಂದು ಹಾಕಿದೆ. ವರ್ಷವೂ ಒಂದೇ ಬಂತು. ಸಂಜೆ ನಾಲ್ಕರ ಬಸ್ಸಿಗೆ ಹೊರಡುವ ಆತುರದಲ್ಲಿ ಮಾಡಿದ ಕೆಲಸ ಅದು.

ಎಸ್ಟೇಟಿನವಳ ರಕ್ತದ ಗುಂಪು ಓ ನೆಗೆಟಿವ್. ಅದನ್ನು ನನ್ನ ರಿಜಿಸ್ಟರಿನಲ್ಲೂ ಅವಳ ಕೈಗೆ ಕೊಟ್ಟ ತಾಯಿ ಕಾರ್ಡಿನಲ್ಲೂ ಕೆಂಪು ಶಾಯಿಯಲ್ಲಿ ಬರೆದು ಸುತ್ತು ಹಾಕಿದ್ದೆ. ತಾಯಿಯ ರಕ್ತ ನೆಗೆಟಿವ್ ಆಗಿ, ಹುಟ್ಟಿದ ಮಗುವಿನದು ಪಾಸಿಟಿವ್ ಆದರೆ, ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕು. ಆ ಮಗುವಿಗೆ ಏನೂ ಆಗುವುದಿಲ್ಲ. ಮುಂದಿನ ಮಗುವಿಗೆ ತೊಂದರೆಯಾಗಬಾರದೆಂದು ಕೊಡುವ ಇಂಜೆಕ್ಷನ್ ಅದು. ಅವಳ ಅಮ್ಮನಿಗೆ ಇದನ್ನು ಎರಡು ಮೂರು ಸಲ ಹೇಳಿದ್ದೆ.

ಹೆರಿಗೆ ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಿತು. ಗಂಡು ಮಗು, ತೂಕ ಚೆನ್ನಾಗಿತ್ತು. ನಾನು ಆ ವಾರದ ಮೊದಲೆರಡು ದಿನ ಪೋಲಿಯೋ ಕೆಲಸದ ತರಬೇತಿಯಲ್ಲಿದ್ದೆ. ಮಂಗಳವಾರ ಸಂಜೆ ಅವಳು ಮನೆಗೆ ಬಂದಳು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಣಂತಿ ನೋಡಲು ನಾನು ಅವರ ಮನೆಗೆ ಹೋದೆ. ಮಗು ಹಾಲು ಕುಡಿಯುತ್ತಿತ್ತು. ಅವಳ ಅಮ್ಮ ಆಸ್ಪತ್ರೆಯಿಂದ ಕೊಟ್ಟ ಚೀಟಿ ತಂದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ತಾಯಿಯ ರಕ್ತದ ಗುಂಪು ಬಿ ಪಾಸಿಟಿವ್ ಎಂದಿತ್ತು.

"ಇಂಜೆಕ್ಷನ್ ಕೊಟ್ರಾ?" ಎಂದೆ.

"ಯಾವ್ ಇಂಜೆಕ್ಷನ್ನು? ನೀವು ಹೇಳಿದ್ರಲ್ಲ, ಅದಾ? ನಾನು ಕೇಳ್ದೆ ಕಣ್ರವ್ವ. ಫೋನ್‌ನಾಗೆ ನೋಡಿ, ನಿಮ್ಮ ಮಗಳಿಗೆ ಅದು ಬ್ಯಾಡ ಅಂದ್ರು ಆಸ್ಪತ್ರೆಯೋರು."

"ತಾಯಿ ಕಾರ್ಡು ತೋರಿಸ್ಲಿಲ್ವಾ?"

"ಕಾರ್ಡು ಎಸ್ಟೇಟ್‌ನಾಗೆ ಐತೆ. ಹೋದ್ ವಾರ ಗಂಡನ್ನ ನೋಡ್ಕಂಡು ಬತ್ತೀನಿ ಅಂತ ಹೋದ್ಲಲ್ಲ, ಚೀಲದಲ್ಲೇ ಬಿಟ್ಟು ಬಂದವ್ಳೆ."

ರಿಜಿಸ್ಟರ್ ತಪ್ಪೋ ಚೀಟಿ ತಪ್ಪೋ ಎಂದು ಒಂದು ಕ್ಷಣ ಅನುಮಾನ ಬಂತು. ಜಗಲಿಯಲ್ಲಿ ಕೂತು ಟ್ಯಾಬ್ ತೆಗೆದು ಅವಳ ಹೆಸರು ಹುಡುಕಿದೆ. ಇಬ್ಬರ ಜಾಗದಲ್ಲಿ ಒಬ್ಬಳೇ ಇದ್ದಳು. ಹೆರಿಗೆ ಎಸ್ಟೇಟಿನವಳದು, ರಕ್ತದ ಗುಂಪು ಅಂಗಡಿಯವಳದು. ಆಸ್ಪತ್ರೆಯವರು ಫೋನಿನಲ್ಲಿ ಕಂಡದ್ದೂ ಇದನ್ನೇ, ಚೀಟಿಗೆ ಬರೆದದ್ದೂ ಇದನ್ನೇ. ಏಳು ತಿಂಗಳ ಬಸುರಿ ಅಂಗಡಿಯವಳು ಆ ದಾಖಲೆಯ ಪ್ರಕಾರ ಭಾನುವಾರವೇ ಹೆತ್ತಾಗಿತ್ತು.

ಯಾರು, ಹೇಗೆ ಎಂದು ಯೋಚಿಸುವ ಸಮಯ ಅದಲ್ಲ. ಐದು ಗಂಟೆ ಉಳಿದಿತ್ತು. ಹಳೇಬೀಡಿನ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಂದು ಮಾತೂ ಹೆಚ್ಚು ಆಡಲಿಲ್ಲ. "ತಾಯಿ ಮಗು ಇಬ್ಬರನ್ನೂ ಕರ್ಕೊಂಡು ಬನ್ನಿ. ಗುಂಪು ನಾವೇ ನೋಡೋಣ. ಇಂಜೆಕ್ಷನ್ ನನ್ನ ಹತ್ರ ಇಲ್ಲ, ಎಲ್ಲಿದೆ ಹುಡುಕಿ," ಎಂದರು. ದುಬಾರಿ ಔಷಧಿ ಅದು, ಫ್ರಿಜ್ಜಿನಲ್ಲೇ ಇಡಬೇಕಾದ್ದು. ಎಲ್ಲ ಕಡೆ ಇಟ್ಟಿರುವುದಿಲ್ಲ. ಹತ್ತಿರದ ಎರಡು ಕಡೆ ಕೇಳಿದೆ, ಇರಲಿಲ್ಲ. ಆಮೇಲೆ ಅರಸೀಕೆರೆ ನೆನಪಾಯಿತು. ಅಲ್ಲಿಯ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳತಿ ಫಾರ್ಮಸಿಸ್ಟ್.

"ಐತೆ ಕಣೇ, ಎರಡು ಐತೆ," ಎಂದಳು ಅವಳು. "ನಿಮ್ಮ ಡಾಕ್ಟರ್ ಕೈಲಿ ನಮ್ಮ ಡಾಕ್ಟರಿಗೆ ಒಂದು ಫೋನ್ ಮಾಡ್ಸು. ಹತ್ತೂಕಾಲಿಗೆ ಜಾವಗಲ್ ಮೇಲೆ ಹಳೇಬೀಡಿಗೆ ಹೋಗೋ ಬಸ್ಸಿದೆ. ಐಸ್ ಪೆಟ್ಟಿಗೇಲಿ ಹಾಕಿ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ."

ಆಟೋ ಮಾಡಿಕೊಂಡು, ಅವಳ ಅಮ್ಮ, ಆಶಾ ಕಾರ್ಯಕರ್ತೆ, ನಾನು ಸೇರಿ ತಾಯಿ ಮಗುವನ್ನು ಹಳೇಬೀಡಿಗೆ ಕರೆದುಕೊಂಡು ಹೋದೆವು. ತಾಯಿಯದು ಓ ನೆಗೆಟಿವ್, ನಾನು ಬರೆದದ್ದೇ ಸರಿ. ಮಗುವಿನದು ಪಾಸಿಟಿವ್. ನಾನು ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ದೇವಸ್ಥಾನ ನೋಡಲು ಬಂದ ಶಾಲಾ ಮಕ್ಕಳು ಸಾಲಾಗಿ ಹೋಗುತ್ತಿದ್ದರು, ಅವರ ಮೇಷ್ಟರು ಎಣಿಸುತ್ತಿದ್ದರು. ಹನ್ನೊಂದೂವರೆ ಆಯಿತು, ಹನ್ನೊಂದು ಮುಕ್ಕಾಲಾಯಿತು. ಬಸ್ಸು ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಬಂತು. ಕಂಡಕ್ಟರ್ ಪೆಟ್ಟಿಗೆಯನ್ನು ತನ್ನ ಸೀಟಿನ ಮೇಲೆಯೇ ಇಟ್ಟುಕೊಂಡು, ತಾನು ಅರಸೀಕೆರೆಯಿಂದ ನಿಂತುಕೊಂಡೇ ಬಂದಿದ್ದ.

"ಬಿಸಿಲು ಬೀಳ್ದಂಗೆ ಇಟ್ಕಂಡು ಬಂದೀನಿ ತಗಳಿ. ಮಗೀಗೇನೂ ಆಗಿಲ್ಲ ಅಲ್ವಾ?" ಎಂದ.

ಹನ್ನೆರಡೂ ಇಪ್ಪತ್ತಕ್ಕೆ ಇಂಜೆಕ್ಷನ್ ಕೊಟ್ಟಾಯಿತು. ಡಾಕ್ಟರ್ ಕೈ ತೊಳೆದುಕೊಂಡು ಬಂದು, "ಆರಾಮಾಗಿ ಊಟ ಮಾಡಿ ಹೋಗಿ ಸಿಸ್ಟರ್," ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಸ್ಟೇಟಿನವಳ ಅಮ್ಮ ಎಲ್ಲಿಂದಲೋ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಅದನ್ನು ಕುಡಿದ ಮೇಲೆಯೇ ನನಗೆ ಸಿಟ್ಟು ಬಂದದ್ದು.

ದಾಖಲೆಗಳನ್ನು ನೋಡಿಕೊಳ್ಳುವ ನಮ್ಮ ಮೇಲಿನ ಕಚೇರಿಯ ಡೇಟಾ ಆಪರೇಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಗುತ್ತಿಗೆ ಕೆಲಸದ ಹೆಂಗಸು, ಒಂದು ಮಗುವಿನ ತಾಯಿ. ಒಂದೇ ಥರದ ಎರಡು ದಾಖಲೆ ಕಂಡರೆ ತಂತ್ರಾಂಶವೇ ಪಟ್ಟಿ ಮಾಡಿ ಕೊಡುತ್ತದೆ. ಪರೀಕ್ಷಿಸಿ ಒಂದು ಮಾಡುವುದು ಅವಳ ಕೆಲಸ. "ಎರಡು ಜೀವಾನ ಒಂದು ಮಾಡಿ ಕೂತಿದ್ದೀಯಲ್ಲಮ್ಮ, ಒಂದು ಮಾತು ಕೇಳ್ಬಾರ್ದಾ?" ಎಂದು ಜೋರಾಗಿಯೇ ಕೇಳಿದೆ.

ಅವಳು ಹೇಳಿದಳು: "ಕೇಳಿದೀನಿ ಮೇಡಂ. ಸುಮ್ನೆ ಒತ್ತಿಲ್ಲ. ಎರಡೂ ದಾಖಲೇಲಿ ಒಂದೇ ನಂಬರ್ ಇತ್ತು. ಆ ನಂಬರಿಗೆ ಫೋನ್ ಮಾಡಿ, ಈ ಹೆಸರಿನ ಬಸುರಿ ಇದಾರಾ, ಗಂಡನ ಹೆಸರು ಇದೇನಾ ಅಂತ ಕೇಳ್ದೆ. ಹೌದು ಅಂದ್ರು. ಇನ್ನೇನ್ ಕೇಳ್ಬೇಕಿತ್ತು ನಾನು?"

ಆ ನಂಬರ್ ಹಾಕಿದವಳು ನಾನು. ಪಕ್ಕದಲ್ಲೇ ನಿಂತಿದ್ದ ಆಶಾ ಕಾರ್ಯಕರ್ತೆ ಮುಖ ಚಿಕ್ಕದು ಮಾಡಿಕೊಂಡು, "ಇದಾಳಾ ಅಂದ್ರು, ಇದಾಳೆ ಅಂದೆ ಸಿಸ್ಟರ್. ಇಬ್ರು ಇದಾರಾ ಅಂತ ಕೇಳ್ಲಿಲ್ವಲ್ಲ," ಎಂದಳು. ಅವಳು ಹೇಳಿದ್ದೂ ನಿಜವೇ.

ಸಂಜೆ ಆಪರೇಟರ್ ಮತ್ತೆ ಫೋನ್ ಮಾಡಿದಳು. ದಾಖಲೆ ಬೇರೆ ಮಾಡಿಸಿದ್ದೇನೆ ಎಂದಳು. ಆಮೇಲೆ ಅಳುತ್ತಾ, "ಮೇಡಂ, ನನ್ನ ಕೆಲ್ಸ ಹೋಗುತ್ತಾ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ಹಾಗೆ ಹೇಳಲು ನನಗೇನೂ ಅಧಿಕಾರವಿರಲಿಲ್ಲ.

ಮಾರನೇ ದಿನ ನಡೆದದ್ದನ್ನು ಬರೆದುಕೊಡಿ ಎಂದು ಮೇಲಿನಿಂದ ಹೇಳಿಕಳಿಸಿದರು. ನಾನು ಎರಡು ಪುಟ ಬರೆದೆ. ನಿವೃತ್ತಿಗೆ ಹತ್ತಿರವಿದ್ದ ನಮ್ಮ ಮೇಲ್ವಿಚಾರಕಿ ಅದನ್ನು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಂಬರ್ ನೀನೇ ಹಾಕಿದ್ದು ಅಂತ ಯಾಕೆ ಬರೀತೀಯಾ? ಸಿಸ್ಟಂ ತಪ್ಪು ಅಂತ ಬರಿ, ಸಾಕು. ನಾಳೆ ನಿನ್ನ ಸರ್ವೀಸ್ ಬುಕ್ಕಿಗೆ ಬಂದ್ರೆ ಯಾರು ನೋಡ್ತಾರೆ?"

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಆ ಸಾಲು ಹೊಡೆದು ಹಾಕಲೂ ನೋಡಿದೆ. ಆದರೆ ಅದನ್ನು ತೆಗೆದರೆ ಉಳಿಯುವುದು ಆಪರೇಟರ್ ಒಬ್ಬಳೇ. ಸಾಲು ಹಾಗೇ ಉಳಿಯಿತು.

ವಾರಗಟ್ಟಲೆ ಯಾರೂ ಏನೂ ಹೇಳಲಿಲ್ಲ. ಅಂಗಡಿಯವಳಿಗೂ ಹೆರಿಗೆಯಾಯಿತು, ಹೆಣ್ಣು ಮಗು. ಆ ಮೇಲೆ ಒಂದು ದಿನ ನನ್ನ ಹೆಸರಿಗೆ ಪತ್ರ ಬಂತು. ಇಡೀ ದೇಶದ ಸರ್ಕಾರಿ ಆರೋಗ್ಯ ಸೇವೆಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಎಂದು ಒಂದು ನೀತಿಯ ಕರಡು ಸಿದ್ಧವಾಗುತ್ತಿದೆ; ದಕ್ಷಿಣದ ರಾಜ್ಯಗಳ ಅಭಿಪ್ರಾಯ ಕೇಳಲು ಬೆಂಗಳೂರಿನಲ್ಲಿ ಸಭೆ; ಹಳ್ಳಿಯಲ್ಲಿ ಕೆಲಸ ಮಾಡುವವರ ಪರವಾಗಿ ನೀವು ಬನ್ನಿ, ನಿಮ್ಮ ವರದಿಯನ್ನು ಸಮಿತಿ ಓದಿದೆ ಎಂದಿತ್ತು. ಕೊನೆಯ ಆ ಮಾತು ಓದಿ ನನಗೆ ಊಟ ಸೇರಲಿಲ್ಲ. ದೇಶದ ಮುಂದೆ ನಿಲ್ಲಿಸಿ ಕೇಳುತ್ತಾರೆ ಎಂದೇ ಅನಿಸಿತು.

ಅರಸೀಕೆರೆಯಿಂದ ಬೆಳಗಿನ ರೈಲು. ಗೆಳತಿ ಸ್ಟೇಷನ್ನಿಗೇ ಬಂದು ತಟ್ಟೆ ಇಡ್ಲಿ ಕಟ್ಟಿಸಿಕೊಟ್ಟಳು. "ಹೆದರ್ಕೋಬೇಡ ಕಣೇ. ನೀನೇನು ಕದ್ದಿದ್ದೀಯಾ?" ಎಂದಳು. ರೈಲಿನಲ್ಲಿ ಕರಡಿನ ಕನ್ನಡ ಅನುವಾದ ತೆಗೆದು ಓದಲು ಕೂತೆ. ದಪ್ಪ ಪುಸ್ತಕ. ಅಂತರ್‌ಕಾರ್ಯಸಾಧ್ಯತೆ ಎಂಬ ಪದ ಪುಟಕ್ಕೆ ಎರಡು ಸಲ ಬರುತ್ತಿತ್ತು. ಅದೇನೆಂದು ತಿಪಟೂರು ದಾಟುವವರೆಗೂ ಯೋಚಿಸಿದೆ. ಒಂದು ಆಸ್ಪತ್ರೆಯ ಕಂಪ್ಯೂಟರ್ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿನ ಜೊತೆ ಮಾತಾಡುವುದು ಎಂದು ಆಮೇಲೆ ತಿಳಿಯಿತು. ಅರ್ಧ ಪುಸ್ತಕ ನನಗೆ ತಲೆಗೆ ಹೋಗಲಿಲ್ಲ. ಆದರೆ ಒಂದು ಸಾಲು ಚೆನ್ನಾಗಿಯೇ ಅರ್ಥವಾಯಿತು: ಮೊಬೈಲ್ ಸಂಖ್ಯೆ ಇಲ್ಲದೆ ಯಾವ ನೋಂದಣಿಯೂ ಪೂರ್ಣಗೊಳ್ಳತಕ್ಕದ್ದಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಸಭೆಯಲ್ಲಿ ನಲವತ್ತು ಐವತ್ತು ಜನ ಇದ್ದರು. ಎಲ್ಲ ಇಂಗ್ಲಿಷ್. ನನ್ನ ಪಕ್ಕದಲ್ಲಿ ಕೂತ ಬೆಂಗಳೂರಿನ ಅಧಿಕಾರಿಯೊಬ್ಬರು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಅಧ್ಯಕ್ಷತೆ ವಹಿಸಿದ್ದವರು ಬೇರೆ ರಾಜ್ಯದ ವಯಸ್ಸಾದ ಡಾಕ್ಟರ್, ನರೆತ ಕೂದಲಿನ ಹೆಂಗಸು, ಹತ್ತಿಯ ಸೀರೆ. ಬೆಳಗಿನ ಹೊತ್ತೆಲ್ಲ ಸರ್ವರ್, ಸುರಕ್ಷತೆ, ಯಾರ ದಾಖಲೆ ಯಾರು ನೋಡಬಹುದು ಎಂಬ ಮಾತುಗಳು. ಆಮೇಲೆ ನೋಂದಣಿಯ ಅಧ್ಯಾಯ ಬಂತು. ಅವರು ಕಾಗದ ನೋಡಿ ನನ್ನ ಊರಿನ ಹೆಸರು ಕಷ್ಟಪಟ್ಟು ಓದಿ, ಮಾತಾಡಿ ಎಂದರು.

ಎದ್ದು ನಿಂತೆ. ನಮ್ಮ ಕಡೆಯ ಮೇಲಧಿಕಾರಿಯೊಬ್ಬರು ಎರಡನೇ ಸಾಲಿನಲ್ಲಿ ಕೂತಿದ್ದದ್ದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಮೇಲ್ವಿಚಾರಕಿಯ ಮಾತು ನೆನಪಾಯಿತು. ಆದರೂ ಕತೆಯನ್ನು ಮೊದಲಿನಿಂದ ಹೇಳಿದೆ: ಇಬ್ಬರ ಹೆಸರು, ಜನವರಿ ಒಂದು, ಚೀಲದಲ್ಲಿ ಉಳಿದ ಕಾರ್ಡು, ಕಂಡಕ್ಟರ್ ತಂದ ಪೆಟ್ಟಿಗೆ. ಕೊನೆಗೆ, "ನಂಬರ್ ಸುಳ್ಳು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಹಾಕದೆ ಇದ್ದಿದ್ರೆ ಆ ಹುಡುಗಿ ಹೆಸರೇ ಲೆಕ್ಕಕ್ಕೆ ಬರ್ತಿರಲಿಲ್ಲ," ಎಂದೆ.

ಅಧಿಕಾರಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಅಧ್ಯಕ್ಷೆ ಏನೋ ಕೇಳಿದರು.

"ಹೀಗೆ ಎಷ್ಟು ಜನಕ್ಕೆ ಬೇರೆಯವರ ನಂಬರ್ ಹಾಕಿದ್ದೀರಿ ಅಂತ ಕೇಳ್ತಿದ್ದಾರೆ," ಎಂದರು ಪಕ್ಕದವರು.

"ಲೆಕ್ಕ ಇಟ್ಟಿಲ್ಲ ಅನ್ನಿ ಸರ್. ತುಂಬಾ ಜನಕ್ಕೆ."

ಅಧ್ಯಕ್ಷೆ ತಲೆಯಾಡಿಸಿ, ಸಭೆಯ ಕಡೆ ತಿರುಗಿ, ಇನ್ನು ಯಾರು ಯಾರು ಹೀಗೆ ಮಾಡುತ್ತೀರಿ, ಯಾರ ಮೇಲೂ ಕ್ರಮವಿಲ್ಲ, ಕೈ ಎತ್ತಿ ಎಂದರು. ಮೊದಲು ಹಿಂದಿನ ಸಾಲಿನಲ್ಲಿ ಕೇರಳದ ನರ್ಸ್ ಒಬ್ಬಳು ಕೈ ಎತ್ತಿದಳು. ಆಮೇಲೆ ಆಂಧ್ರದ ಒಬ್ಬ. ಆಮೇಲೆ ನನಗೆ ಎಣಿಸಲಾಗಲಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವವರು ಬಹುತೇಕ ಎಲ್ಲರೂ ಕೈ ಎತ್ತಿದ್ದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಎರಡನೇ ಸಾಲಿನ ನಮ್ಮ ಅಧಿಕಾರಿಯೂ ನಗುತ್ತಿದ್ದರು. ನನ್ನ ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದದ್ದು ಆ ನಗುವಿನಲ್ಲಿ ಇಳಿದುಹೋಯಿತು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ.

ಮಧ್ಯಾಹ್ನ ಬಿಸಿಬೇಳೆ ಬಾತಿನ ತಟ್ಟೆ ಹಿಡಿದುಕೊಂಡು ಒಬ್ಬ ಎಂಜಿನಿಯರ್ ನನ್ನ ಹತ್ತಿರ ಬಂದು ಕೂತ. ಆ ತಂತ್ರಾಂಶದ ಕೆಲಸದಲ್ಲಿ ಅವನೂ ಇದ್ದನಂತೆ. ಮೂಲ ತುಮಕೂರಿನ ಕಡೆಯವನು, ಕನ್ನಡದಲ್ಲೇ ಮಾತಾಡಿದ.

"ಮೇಡಂ, ನಂಬರ್ ಕಡ್ಡಾಯ ಮಾಡಿದ್ರೆ ಎಲ್ಲರಿಗೂ ಸುದ್ದಿ ತಲುಪುತ್ತೆ ಅನ್ಕೊಂಡ್ವಿ. ಇಲ್ಲದವರು ಏನ್ ಮಾಡ್ತಾರೆ ಅಂತ ನಮ್ಗೆ ಹೊಳೀಲೇ ಇಲ್ಲ. ಜನವರಿ ಒಂದು ಅಂದ್ರಲ್ಲ, ಅದು ಯಾಕೆ?"

ಹೇಳಿದೆ. ಅವನು ಊಟ ಬಿಟ್ಟು ನೋಟ್‌ಬುಕ್ ತೆಗೆದು ಬರೆದುಕೊಂಡ. ಅಷ್ಟೊಂದು ಜನ ಜನವರಿ ಒಂದಕ್ಕೇ ಹುಟ್ಟಿದ್ದು ಹೇಗೆ ಎಂದು ಅವರ ತಂಡ ಬಹಳ ದಿನ ತಲೆ ಕೆಡಿಸಿಕೊಂಡಿತ್ತಂತೆ.

ಊಟವಾದ ಮೇಲೆ ಆ ಸಾಲನ್ನು ಗೋಡೆಯ ಪರದೆಯ ಮೇಲೆ ಹಾಕಿ ತಿದ್ದಲು ಕೂತರು. ಅಧ್ಯಕ್ಷೆ ನನ್ನನ್ನು ಮುಂದಕ್ಕೆ ಕರೆದು, ನೀವೇ ಹೇಳಿ, ಏನಿರಬೇಕು ಎಂದರು. ನನಗೆ ನೀತಿಯ ಭಾಷೆ ಬರುವುದಿಲ್ಲ. ಬಂದ ಹಾಗೆ ಹೇಳಿದೆ. ಫೋನ್ ಇಲ್ಲದವರಿಗೆ ಇಲ್ಲ ಎಂದು ಬರೆಯಲು ಜಾಗ ಇರಲಿ. ವಯಸ್ಸು ಗೊತ್ತಿಲ್ಲದಿದ್ದರೆ ಅಂದಾಜು ಎಂದು ಹಾಕಲು ಬಿಡಿ. ಇಬ್ಬರನ್ನು ಒಬ್ಬರು ಮಾಡುವ ಮೊದಲು, ಅವರ ಮುಖ ನೋಡಿದ ನರ್ಸಿನ ಒಪ್ಪಿಗೆ ಕೇಳಿ. ಕಾಗದದ ಕಾರ್ಡಿನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಇದ್ದರೆ, ಅಥವಾ ಕಾರ್ಡೇ ಇಲ್ಲದಿದ್ದರೆ, ರಕ್ತ ಮತ್ತೆ ನೋಡಲಿ. ಜೊತೆಗೆ, ಟ್ಯಾಬಿನಲ್ಲೂ ರಿಜಿಸ್ಟರಿನಲ್ಲೂ ಎರಡೆರಡು ಸಲ ಬರೆಯುವುದನ್ನು ತಪ್ಪಿಸಿ ಎಂದೂ ಕೇಳಿದೆ.

ಹಲವು ತಿಂಗಳಾದ ಮೇಲೆ ತಿದ್ದಿದ ಕರಡು ಬಂತು. ನನ್ನ ಮಾತುಗಳು ಗುರುತೇ ಸಿಗದ ಹಾಗೆ ಸರ್ಕಾರಿ ಕನ್ನಡ ಉಟ್ಟುಕೊಂಡಿದ್ದವು. ಎರಡು ಸಲ ಓದಿದ ಮೇಲೆ ಅರ್ಥ ಉಳಿದಿದೆ ಎಂದು ಖಾತ್ರಿಯಾಯಿತು. ಎರಡೆರಡು ಸಲ ಬರೆಯುವ ವಿಷಯದ ಮುಂದೆ ಮಾತ್ರ ಮುಂದೆ ಪರಿಶೀಲಿಸಲಾಗುವುದು ಎಂದಿತ್ತು. ಅದು ಇನ್ನೂ ಪರಿಶೀಲನೆಯಲ್ಲೇ ಇದೆ; ನಾನು ಇನ್ನೂ ಎರಡು ಸಲವೇ ಬರೆಯುತ್ತೇನೆ. ಆಪರೇಟರಿನ ಗುತ್ತಿಗೆ ಆ ವರ್ಷವೂ ಮುಂದುವರಿಯಿತು. ಅದನ್ನು ಹೇಳಲು ಅವಳು ಫೋನ್ ಮಾಡಿದ ದಿನ ನಾವಿಬ್ಬರೂ ಬಹಳ ಹೊತ್ತು ಬೇರೆ ಏನೇನೋ ಮಾತಾಡಿದೆವು.

ಟ್ಯಾಬಿನಲ್ಲಿ ಹೊಸ ಆವೃತ್ತಿ ಬಂದ ದಿನ ನಂಬರಿನ ಜಾಗದ ಕೆಳಗೆ ಒಂದು ಚಿಕ್ಕ ಚೌಕ ಕಂಡಿತು: ಫೋನ್ ಇಲ್ಲ. ಹೊಸಬರಿಗೆ ಸರಿ, ಹಳೆಯ ಸುಳ್ಳು ನಂಬರುಗಳೆಲ್ಲ ಹಾಗೇ ಇದ್ದವಲ್ಲ. ಆಪರೇಟರ್ ಪಟ್ಟಿ ಮಾಡಿ ಕಳಿಸಿದಳು. ಆಶಾ ಕಾರ್ಯಕರ್ತೆಯ ನಂಬರ್ ಅದರಲ್ಲಿ ಪುಟಗಟ್ಟಲೆ ಇತ್ತು. ಅವಳು ಅದನ್ನು ನೋಡಿ, "ಇಷ್ಟೊಂದು ಮಕ್ಳ ತಾಯಿ ನಾನೇನಾ ಸಿಸ್ಟರ್?" ಎಂದು ನಕ್ಕಳು.

ಇಬ್ಬರೂ ಮನೆಮನೆ ಹತ್ತಿ ಕೇಳುತ್ತಾ ಹೋದೆವು. ಇದು ಒಂದೂವರೆ ತಿಂಗಳ ಕೆಲಸವಾಯಿತು. ಅಂಗಡಿಯವಳ ಅತ್ತೆ ಈ ಸಲ ತಾವಾಗಿಯೇ ಸೊಸೆಯ ನಂಬರ್ ಹೇಳಿದರು. ಕೆಲವರಿಗೆ ಈಗ ಫೋನ್ ಬಂದಿತ್ತು, ಕೆಲವರಿಗೆ ಇರಲಿಲ್ಲ. ಹಗರೆಯ ಹತ್ತಿರ ಹಸು ತೊಳೆಯುತ್ತಿದ್ದ ಒಬ್ಬಳನ್ನು ಸ್ವಲ್ಪ ಸಂಕೋಚದಿಂದಲೇ ಕೇಳಿದೆ. ಅವಳು ಬಕೆಟ್ಟು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇಲ್ಲ ಅಂತ್ಲೇ ಬರ್ಕಳಿ ನರ್ಸಮ್ಮ. ಇಲ್ದಿರೋದ್ನ ಇಲ್ಲ ಅನ್ನಾಕೆ ಏನಂತೆ?"

ನಾನು ಚೌಕದ ಮೇಲೆ ಬೆರಳು ಒತ್ತಿದೆ. ಮುಂದಿನ ಪುಟ ತೆರೆಯಿತು.